ಪುಕ್ಕಟೆ ಹಾಡು, ಯಾರ ಜೇಬಿಗೆ ಕತ್ತರಿ?

ಪ್ರಶ್ನೆ: ಸಿನಿಮಾ ಹಾಡನ್ನು ಯಾವುದೋ ಸೈಟಿನಿಂದ ಪುಕ್ಕಟೆ ಇಳಿಸಿಕೊಂಡರೆ ಯಾರಿಗೆ ನಷ್ಟ? ಹಾಡಿದವರಿಗೆ ದುಡ್ಡು ಮೊದಲೇ ಸಿಕ್ಕಿರುತ್ತದೆ ಅಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಹಾಡಿದವರಿಗೆ ಸಿಕ್ಕಿರಬಹುದು. ಬರೆದವರನ್ನು ಮರೆತೇಬಿಟ್ಟಿರಿ! 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಸಿನಿಮಾ ಹಾಡು ಚಿತ್ರಮಂದಿರದ ಹೊರಗೆ ಎಲ್ಲಿ ಬಳಕೆಯಾದರೂ ಅದರ ರಾಯಲ್ಟಿಯಲ್ಲಿ, ಅಂದರೆ ಆ ಬಳಕೆಗೆ ಸಿಗುವ ಹಣದಲ್ಲಿ, ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಪಾಲಿದೆ, ಅದನ್ನು ನಿರ್ಮಾಪಕರಿಗೆ ಬರೆದುಕೊಟ್ಟುಬಿಡುವ ಹಾಗೂ ಇಲ್ಲ. ಕದ್ದ ಕಾಪಿ ಲೆಕ್ಕಕ್ಕೇ ಬರುವುದಿಲ್ಲ, ಪಾಲು ಎಲ್ಲಿಂದ ಬರಬೇಕು? ಆ ಸೈಟಿನವರು ಮಾತ್ರ ಜಾಹೀರಾತಿನಲ್ಲಿ ದುಡ್ಡು ಮಾಡುತ್ತಾರೆ.

ಹಾಗಂತ ಇಳಿಸಿಕೊಂಡವರೆಲ್ಲ ಕೊಳ್ಳುತ್ತಿದ್ದರು ಅಂತಲ್ಲ. ಕಂಪನಿಗಳು ಹೇಳುವ ನಷ್ಟದ ಲೆಕ್ಕ ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಜನ ಪರಸ್ಪರ ಪುಕ್ಕಟೆ ಹಾಡು ಹಂಚಿಕೊಳ್ಳಲು ಅಮೆರಿಕದಲ್ಲಿ 1999ರಲ್ಲಿ ಶುರುವಾದ ನ್ಯಾಪ್‌ಸ್ಟರ್ ಎಂಬ ಇಂಟರ್ನೆಟ್ ಸೇವೆಯನ್ನು ಕೋರ್ಟಿಗೆ ಎಳೆದು 2001ರಲ್ಲಿ ನಿಲ್ಲಿಸಿದರೂ ಈ ಚಟ ನಿಲ್ಲಲಿಲ್ಲ. ದೊಡ್ಡ ಸ್ಟಾರ್‌ಗಳು ಸ್ಟೇಜ್ ಶೋನಲ್ಲಿ ಸರಿದೂಗಿಸಿಕೊಳ್ಳುತ್ತಾರೆ. ಪೆಟ್ಟು ಬೀಳುವುದು ಭಾವಗೀತೆ, ಜಾನಪದ ಆಲ್ಬಂ ಮಾಡುವ ಸಣ್ಣವರಿಗೆ. ಸ್ಟುಡಿಯೋ ಬಾಡಿಗೆ, ತಬಲಾದವರ, ಕೊಳಲಿನವರ ಸಂಭಾವನೆ ಎಲ್ಲ ಕೈಯಿಂದ ಹಾಕಿರುತ್ತಾರೆ, ಅದು ವಾಪಸ್ ಬರದಿದ್ದರೆ ಮುಂದಿನ ಆಲ್ಬಂ ಇಲ್ಲ, ಅಷ್ಟೇ.