ತೋಟ ಮಾರಬೇಡಿ ಅಂತ ಯಾಕೆ ಹೇಳಿದೆ

ನಾನು ಆಪ್ತಸಮಾಲೋಚಕಿ, ಅಂದರೆ ಕೌನ್ಸೆಲರ್. ಎರಡು ವರ್ಷದಲ್ಲಿ ನನ್ನ ಹತ್ತಿರ ಬಂದ ಇಂಥ ಮನೆಗಳಲ್ಲಿ ಇದು ನಾಲ್ಕನೆಯದು. ಮಗು ಓಡುತ್ತೆ, ಚೆನ್ನಾಗಿ ಓಡುತ್ತೆ, ರಾಜ್ಯ ಮಟ್ಟದಲ್ಲಿ ಮೆಡಲ್ ಬಂದಿದೆ, ಮನೆಯವರ ತಲೆಯಲ್ಲಿ ಆಗಲೇ ಒಲಿಂಪಿಕ್ಸ್ ಶುರುವಾಗಿದೆ. ಬಂದವರೆಲ್ಲ ಹೇಳುವುದು ಒಂದೇ ಮಾತು. "ರೇಸ್ ದಿನ ಹೆದರ್ಕೋತಾಳೆ ಮೇಡಂ, ಅದೊಂದು ಸರಿ ಮಾಡ್ಕೊಡಿ." ಎಷ್ಟೋ ಸಲ ಅದು ಹೆದರಿಕೆ ಆಗಿರುವುದೇ ಇಲ್ಲ.

ಈ ಹುಡುಗಿಯೂ ಅವಳ ಅಪ್ಪ ಅಮ್ಮನೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಊರು, ಟೈಮಿಂಗ್, ಮನೆಯ ವಿವರ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಅವಳನ್ನು ಕಾವ್ಯ ಅಂತ ಕರೆಯೋಣ.

ಕಾವ್ಯಳಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಬಯಲುಸೀಮೆ ಕಡೆಯ ಹಳ್ಳಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ, ಒಂದೂವರೆ ಎಕರೆ ತೆಂಗಿನ ತೋಟ ಇದೆ, ಅದನ್ನು ನೋಡಿಕೊಳ್ಳುವುದು ಅಮ್ಮ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಇವಳ ಓಟ ಗಮನಿಸಿ 800 ಮೀಟರ್‌ಗೆ ಹಾಕಿದರು. 15ನೇ ವಯಸ್ಸಿನಲ್ಲಿ 2 ನಿಮಿಷ 16 ಸೆಕೆಂಡ್, ಈಗ 2 ನಿಮಿಷ 9. ಹಳ್ಳಿಯ ಮಣ್ಣಿನ ಮೈದಾನದಲ್ಲಿ ಓಡಿ ಬೆಳೆದ ಹುಡುಗಿಗೆ ಇದು ನಿಜಕ್ಕೂ ಒಳ್ಳೆಯ ಟೈಮಿಂಗ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವಳಿಗೆ ಪ್ರತಿಭೆ ಇಲ್ಲ ಅಂದೆ ಅಂತ ಆಮೇಲೆ ನನ್ನ ಮೇಲೆ ದೂರು ಬಂತು. ನಾನು ಹಾಗೆ ಹೇಳಲೇ ಇಲ್ಲ.

ಮೊದಲ ದಿನ ಮಾತಾಡಿದ್ದೆಲ್ಲ ಅಪ್ಪನೇ. ಒಂದು ಲಾಂಗ್ ನೋಟ್‌ಬುಕ್ ತಂದಿದ್ದರು. ಪ್ರತಿ ರೇಸಿನ ಟೈಮಿಂಗ್‌ಗೂ ಒಂದೊಂದು ಚುಕ್ಕಿ, ಚುಕ್ಕಿಗಳನ್ನು ಸೇರಿಸಿ ಸ್ಕೇಲ್ ಇಟ್ಟು ಎಳೆದ ಗೆರೆ. ಆ ಗೆರೆಯನ್ನು ಮುಂದಕ್ಕೂ ಎಳೆದಿದ್ದರು. ಅದು ಸೀದಾ ಹೋಗಿ 2028ರಲ್ಲಿ 1:59ಕ್ಕೆ ಮುಟ್ಟುತ್ತಿತ್ತು. 2028 ಅಂದರೆ ಲಾಸ್ ಏಂಜಲೀಸ್ ಒಲಿಂಪಿಕ್ಸ್. "ಅಮೆರಿಕದ ಹುಡ್ಗಿ ಟೋಕಿಯೋದಲ್ಲಿ 19 ವರ್ಷಕ್ಕೇ ಚಿನ್ನ ಹೊಡುದ್ಲು ಮೇಡಂ. ಏಷ್ಯನ್ ಗೇಮ್ಸಲ್ಲಿ ಶ್ರೀಲಂಕಾದವ್ಳಿಗೆ 18. ನಮ್ಮವ್ಳಿಗೆ ಯಾಕಾಗಲ್ಲ?" ಅವರು ಸುಮ್ನೆ ಕನಸು ಕಾಣುವ ಮನುಷ್ಯ ಅಲ್ಲ. ಹೇಳಿದ ಎರಡೂ ಸರಿ. 800 ಮೀಟರ್‌ನಲ್ಲೇ ಚಿನ್ನ ಗೆದ್ದ ಆಥಿಂಗ್ ಮೂ, ತರುಷಿ ಕರುಣಾರತ್ನ, ಇಬ್ಬರ ಬಗ್ಗೆಯೂ ಓದಿಕೊಂಡು ಬಂದಿದ್ದರು.

ಸಮಸ್ಯೆ ಏನಪ್ಪಾ ಅಂದರೆ, ಹಿಂದಿನ ತಿಂಗಳ ಆಯ್ಕೆ ರೇಸಿನಲ್ಲಿ ಮೊದಲ ಮೂರರಲ್ಲಿ ಬರಬೇಕಾದವಳು ಕೊನೆಯ 150 ಮೀಟರ್‌ನಲ್ಲಿ ಕುಸಿದು ಐದನೆಯವಳಾದಳು. ಅದಕ್ಕೂ ಮುಂಚೆ ಒಂದು ಸಲ ಹೀಗೇ ಆಗಿತ್ತು. ಕೋಚ್ "ಮೆಂಟಲ್ ಪ್ರಾಬ್ಲಂ, ಯಾರಿಗಾದ್ರೂ ತೋರ್ಸಿ" ಅಂದಿದ್ದರು.

ಮೂರನೇ ಸಲ ಬಂದಾಗ ಅಪ್ಪನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆಯೇ ಮಾತಾಡಿದೆ. ಹೆದರಿಕೆ ಬಗ್ಗೆ ಕೇಳಲಿಲ್ಲ. ಆ ರೇಸನ್ನು ಗನ್ ಹೊಡೆದಲ್ಲಿಂದ ಕೊನೆಯವರೆಗೆ ಹೇಳು, ಅವಸರ ಇಲ್ಲ ಅಂದೆ. ಓಟಗಾರರಿಗೆ ಹೀಗೆ ಕೇಳಿದರೆ ಬಾಯಿ ತಾನೇ ಬಿಚ್ಚುತ್ತೆ. ಮೊದಲ ತಿರುವಿನವರೆಗೆ ತನ್ನ ಲೇನ್, ಆಮೇಲೆ ಎಲ್ಲರೂ ಒಳಕ್ಕೆ ನುಗ್ಗುವಾಗ ಒಬ್ಬಳ ಮೊಣಕೈ ತಾಗಿದ್ದು, ಗಂಟೆ ಹೊಡೆದಾಗ ತಾನು ಮೂರನೆಯವಳು, ಮೊದಲ ಸುತ್ತು 63 ಅಂತ ಮೇಷ್ಟ್ರು ಕೂಗಿದ್ದು, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳಿದಳು. 600 ಮೀಟರ್ ಹತ್ತಿರ ಬಂದಾಗ ಉಸಿರು ಹೇಗಿತ್ತು ಅಂತ ಕೇಳಿದೆ.

"ಚೆನ್ನಾಗಿತ್ತು ಮೇಡಂ. ಇನ್ನೂ ಇತ್ತು."

"ಆಮೇಲೆ?"

ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಕಂಬಿ ಹತ್ರ ಅಪ್ಪ ನಿಂತಿದ್ರು. ನಾನು ಬೇಕಂತಲೇ ಸ್ಲೋ ಮಾಡ್ದೆ ಮೇಡಂ."

ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಆದರೂ ಆ ಕ್ಷಣ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಅವಳೇ ಮುಂದುವರಿಸಿದಳು. ಮೊದಲ ಮೂರರಲ್ಲಿ ಬಂದು ನ್ಯಾಷನಲ್ಸ್‌ಗೆ ಆಯ್ಕೆಯಾದರೆ ತೋಟ ಮಾರಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯೋಣ, ದುಡ್ಡು ಕೊಟ್ಟು ಒಳ್ಳೆ ಕೋಚ್ ಇಡೋಣ ಅಂತ ಅಪ್ಪ ಮನೆಯಲ್ಲಿ ಹೇಳಿದ್ದರು. ಹುರಿದುಂಬಿಸಲಿಕ್ಕೆ ಅಂತ ಹೇಳಿದ್ದು. ಕೊಳ್ಳುವವರ ಜೊತೆ ಮಾತೂ ಆಗಿತ್ತು. ಒಂದು ರಾತ್ರಿ ಅಮ್ಮ ಒಲೆ ಮುಂದೆ ಕೂತು "ತೋಟ ಹೋದ್ರೆ ನಾನೇನು ಮಾಡ್ಲಿ ಅಲ್ಲಿ" ಅಂದಿದ್ದು ಇವಳ ಕಿವಿಗೆ ಬಿದ್ದಿತ್ತು, ಅಪ್ಪನಿಗೆ ಬಿದ್ದಿರಲಿಲ್ಲ.

"ನೂರಾ ನಾಲ್ಕು ಮರ ಇದಾವೆ ಮೇಡಂ. ನಾನು ಗೆದ್ರೆ ಹೋಗ್ತವೆ."

ಇದನ್ನು ಹೆದರಿಕೆ ಅಂತ ಕರೆಯಲು ನನಗೆ ಮನಸ್ಸಾಗಲ್ಲ. 17 ವರ್ಷದ ಹುಡುಗಿ ಓಡುತ್ತಾ ಓಡುತ್ತಾ, ಉಸಿರು ಹತ್ತದ ಜಾಗದಲ್ಲಿ, ಮನೆಯ ಲೆಕ್ಕ ಹಾಕಿ ತನಗೆ ತೋಚಿದ ಒಂದು ತೀರ್ಮಾನ ತೆಗೆದುಕೊಂಡಿದ್ದಳು. ಉಸಿರಾಟದ ಅಭ್ಯಾಸ, ಕಣ್ಣು ಮುಚ್ಚಿ ಗೆಲುವನ್ನು ನೆನೆಸಿಕೊಳ್ಳುವುದು, ಇಂಥದ್ದೆಲ್ಲ ಹೇಳಿಕೊಟ್ಟಿದ್ದರೆ ಏನು ಉಪಯೋಗ ಆಗುತ್ತಿತ್ತು?

ಓಡೋದು ಇಷ್ಟಾನಾ ಪುಟ್ಟ, ನಿಜ ಹೇಳು ಅಂತ ಕೇಳಿದೆ. ಯೋಚನೆ ಮಾಡದೆ ಉತ್ತರ ಬಂತು. ಮಂಗಳವಾರ ಬೆಳಿಗ್ಗೆ 300 ಮೀಟರ್ ರೆಪಿಟೇಷನ್ ಇರುತ್ತೆ, ಐದನೆಯದು ಮುಗಿದ ಮೇಲೆ ಕಾಲು ತನ್ನದಲ್ಲ ಅನ್ನಿಸುತ್ತೆ, ಆಮೇಲೂ ಆರನೆಯದು ಓಡಬಹುದಲ್ಲ, ಅದು ಇಷ್ಟ ಅಂದಳು. ಹೀಗೆ ಹೇಳುವ ಹುಡುಗಿಗೆ ಓಟ ಬಿಡು ಅಂತ ಯಾರು ಹೇಳುತ್ತಾರೆ?

ಅಪ್ಪಂಗೆ ಹೇಳಬೇಡಿ ಅಂದಳು. ಹೇಳಲಿಲ್ಲ. ಅಪ್ರಾಪ್ತೆ, ಫೀಸು ಕೊಡುವವರು ಅಪ್ಪ, ಮುಚ್ಚಿಟ್ಟಿದ್ದು ತಪ್ಪು ಅಂತ ಆಮೇಲೆ ಒಬ್ಬರು ನನಗೆ ಹೇಳಿದರು. ಜೀವಕ್ಕೆ ಅಪಾಯ ಇದ್ದರೆ, ಯಾರೋ ಹಿಂಸೆ ಕೊಡುತ್ತಿದ್ದರೆ ಹೇಳಲೇಬೇಕು, ಅದನ್ನು ಮೊದಲ ದಿನವೇ ಇಬ್ಬರಿಗೂ ತಿಳಿಸಿರುತ್ತೇನೆ. ಇದು ಆ ಥರದ್ದಲ್ಲ. ಅವಳ ಮಾತು ಅವಳೇ ಹೇಳಬೇಕು, ನಾನು ಪಕ್ಕದಲ್ಲಿ ಕೂತಿರುತ್ತೇನೆ ಅಂದೆ. ಅದಕ್ಕೆ ಮೂರು ವಾರ ಹಿಡಿಯಿತು.

ಆ ಮೂರು ವಾರದಲ್ಲಿ ನಾನು ಅಪ್ಪನ ಜೊತೆ ಅವರ ನೋಟ್‌ಬುಕ್ ಹಿಡಿದು ಕೂತೆ. ನಾನು ಕೋಚ್ ಅಲ್ಲ, ಹಾಗಾಗಿ ಲೆಕ್ಕಗಳನ್ನು ಬಲ್ಲವರನ್ನು ಕೇಳಿ ತಿಳಿದುಕೊಂಡೆ. ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 800 ಮೀಟರ್‌ಗೆ ನೇರ ಅರ್ಹತೆ ಟೈಮಿಂಗ್ 1:59.30 ಇತ್ತು. ನಮ್ಮ ದೇಶದ ಟಿಂಟು ಲೂಕಾ 2010ರಲ್ಲಿ ರಾಷ್ಟ್ರೀಯ ದಾಖಲೆ ಮಾಡಿದ ಓಟ 1:59.17. ಅಂದರೆ ಟಿಂಟು ತನ್ನ ಜೀವಮಾನದ ಓಟ ಓಡಿದ್ದರೆ ಬಾಗಿಲು ದಾಟಬಹುದಿತ್ತು, ಅಷ್ಟೇ. ಅಲ್ಲಿ ಚಿನ್ನ ಗೆದ್ದ ಬ್ರಿಟನ್ನಿನ ಕೀಲಿ ಹಾಜ್‌ಕಿನ್ಸನ್ 1:56.72 ಓಡಿದಳು. ಕಾವ್ಯ ಈಗ ಓಡುತ್ತಿರುವುದಕ್ಕೂ ಆ ಅರ್ಹತೆಗೂ ಹತ್ತು ಸೆಕೆಂಡ್ ವ್ಯತ್ಯಾಸ. ಕಾಗದದ ಮೇಲೆ ಅದು ಒಂದು ಅಂಗುಲ. ಟ್ರ್ಯಾಕ್ ಮೇಲೆ ಸುಮಾರು 60 ಮೀಟರ್.

ಇನ್ನೂ ಒಂದು ಲೆಕ್ಕ ಅಪ್ಪನಿಗೆ ಹೆಚ್ಚು ತಟ್ಟಿತು. 1:59.30ಕ್ಕೆ ಒಂದೊಂದು ಸುತ್ತೂ 60 ಸೆಕೆಂಡ್ ಒಳಗೆ, ಎರಡು ಸಲ, ಮಧ್ಯೆ ನಿಲ್ಲದೆ. ಕಾವ್ಯ 400 ಒಂದನ್ನೇ ಇದ್ದ ಬಲವೆಲ್ಲ ಹಾಕಿ ಓಡಿದರೆ 58. ಹಾಗಾಗಿ ಮೊದಲು ಅವಳ 400 ಹಲವು ಸೆಕೆಂಡ್ ಕಡಿಮೆಯಾಗಬೇಕು, ಆಮೇಲೆ ಅದನ್ನು ಎರಡು ಸುತ್ತಿಗೆ ಎಳೆಯುವ ದಮ್ಮು ಬರಬೇಕು. ಅದು ವರ್ಷಗಳ ಕೆಲಸ. ಹುಡುಗಿಯರಲ್ಲಂತೂ ಮೈ ತುಂಬಿಕೊಳ್ಳುವ ವಯಸ್ಸಿನಲ್ಲಿ ಎರಡು ಮೂರು ವರ್ಷ ಟೈಮಿಂಗ್ ನಿಂತಲ್ಲೇ ನಿಲ್ಲಬಹುದು, ಹಿಂದಕ್ಕೂ ಹೋಗಬಹುದು. ಅದನ್ನು ಸೋಮಾರಿತನ ಅಂದುಕೊಂಡು ಊಟ ಕಡಿಮೆ ಮಾಡಿಸಿ, ತಾಲೀಮು ಜಾಸ್ತಿ ಮಾಡಿಸಿ, ಮುಟ್ಟು ನಿಂತು, ಮೂಳೆ ಸೀಳು ಬಿಟ್ಟು, ಓಟವೇ ಮುಗಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಕಾವ್ಯಳಿಗೂ ಮುಟ್ಟು ಏರುಪೇರಾಗಿತ್ತು. ಅಮ್ಮನನ್ನು ಕರೆಸಿ ಸ್ತ್ರೀರೋಗ ವೈದ್ಯರ ಹತ್ತಿರ ಕಳಿಸಿದೆ, ರಕ್ತದಲ್ಲಿ ಕಬ್ಬಿಣದ ಅಂಶ ನೋಡಿಸಲು ಹೇಳಿದೆ. ಕಡಿಮೆ ಇತ್ತು. ಓಡುವ ಹೆಣ್ಣುಮಕ್ಕಳ ಅಪ್ಪಂದಿರೇ, ಕೋಚ್‌ಗಳೇ, ಇದನ್ನು ದಯವಿಟ್ಟು ನಾಚಿಕೆ ಇಲ್ಲದೆ ಕೇಳಿ, ಅಥವಾ ಕೇಳುವ ಹೆಂಗಸೊಬ್ಬರು ಇರುವ ಹಾಗೆ ನೋಡಿಕೊಳ್ಳಿ.

ಹಾಗಾದ್ರೆ ಆಗಲ್ಲ ಅಂತೀರಾ ಅಂತ ಅಪ್ಪ ಕೇಳಿದರು. ಧ್ವನಿ ಸಣ್ಣಗಾಗಿತ್ತು. ನಾನು ಹಾಗೆ ಹೇಳಲಿಲ್ಲ, ಹೇಳಲು ಯಾರಿಂದಲೂ ಆಗಲ್ಲ. ನಮ್ಮ ದೇಶದ ಜ್ಯೋತಿರ್ಮಯಿ ಸಿಕ್ದರ್ 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ 800, 1500 ಎರಡರಲ್ಲೂ ಚಿನ್ನ ಗೆದ್ದಾಗ ಅವರಿಗೆ 29 ವರ್ಷ. ಬ್ರಿಟನ್ನಿನ ಕೆಲ್ಲಿ ಹೋಮ್ಸ್ ಗಾಯದ ಮೇಲೆ ಗಾಯ ಮಾಡಿಕೊಂಡು, ಅಥೆನ್ಸ್‌ನಲ್ಲಿ ಅದೇ ಎರಡು ಚಿನ್ನ ಗೆದ್ದಿದ್ದು 34ಕ್ಕೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 800ರಲ್ಲಿ ನಮ್ಮವರೇ ಆದ ಹರ್ಮಿಲನ್ ಬೈನ್ಸ್ 2:03.75 ಓಡಿ ಬೆಳ್ಳಿ ತಂದರು. ಅದು ಕಾವ್ಯ ಇರುವ ಜಾಗದಿಂದ ಐದೂ ಚಿಲ್ಲರೆ ಸೆಕೆಂಡ್. ದೂರ ಇದೆ, ಆದರೆ ಕಣ್ಣಿಗೆ ಕಾಣುವ ದೂರ. ಉತ್ತರ ಗೊತ್ತಾಗುವುದು ಅವಳಿಗೆ 22, 23 ಆದಾಗ. 17ರಲ್ಲಿ ಆ ಉತ್ತರವನ್ನು ತೋಟ ಮಾರಿ ಕೊಳ್ಳಲು ಆಗಲ್ಲ.

ಇನ್ನೊಂದು ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಮೇಲಕ್ಕೆ ಹೋದ ಹಾಗೆ ಮನೆಯ ಖರ್ಚು ಕಡಿಮೆ ಆಗಬೇಕು, ಜಾಸ್ತಿ ಅಲ್ಲ. ಸರ್ಕಾರದ ಕ್ರೀಡಾ ಹಾಸ್ಟೆಲ್, ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ, SAI) ಕೇಂದ್ರ, ರಾಷ್ಟ್ರೀಯ ಶಿಬಿರ, ಇವಕ್ಕೆ ಆಯ್ಕೆಯಾದವರ ಊಟ, ವಸತಿ, ತರಬೇತಿ ಮನೆಯವರ ಮೇಲೆ ಬೀಳಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದರೆ ಕೈಖರ್ಚಿಗೂ ಭತ್ಯೆ ಇದೆ. ರೈಲ್ವೆ, ಸೈನ್ಯದಲ್ಲಿ ಕ್ರೀಡಾ ಕೋಟಾದ ಕೆಲಸ ಇದೆ, ಅದಕ್ಕೆ ಒಲಿಂಪಿಕ್ಸ್ ಮುಟ್ಟಲೇಬೇಕು ಅಂತಿಲ್ಲ, ಆದರೆ ಓದು ಬೇಕು. ಅದಕ್ಕೇ ಸೆಕೆಂಡ್ ಪಿಯುಸಿ ಪರೀಕ್ಷೆ ಬಿಡಿಸಬೇಡಿ ಅಂದೆ. ತೋಟದ ಮಾತನ್ನು ಅವಳ 21ನೇ ಹುಟ್ಟುಹಬ್ಬದವರೆಗೆ ಮನೆಯಲ್ಲಿ ಎತ್ತಬೇಡಿ, ಎತ್ತುವ ದಿನ ಮೊದಲು ನಿಮ್ಮ ಹೆಂಡತಿಯನ್ನು ಕೇಳಿ ಅಂದೆ. ನೋಟ್‌ಬುಕ್ ಮಗಳ ಕೈಗೆ ಕೊಡಿ, ಚುಕ್ಕಿ ಅವಳೇ ಇಡಲಿ, ಗೆರೆ ಯಾರೂ ಎಳೆಯುವುದು ಬೇಡ ಅಂದೆ.

ಅವರ ಕೋಚ್ ಫೋನ್ ಮಾಡಿ ಸಿಟ್ಟಾದರು. "ರಿಸ್ಕ್ ತಗೊಳ್ದೇ ಯಾರು ಚಾಂಪಿಯನ್ ಆಗಿದಾರೆ ಹೇಳಿ ಮೇಡಂ? ಜಮೀನು ಮಾರಿ ಮಕ್ಕಳನ್ನ ಮೇಲಕ್ಕೆ ತಂದವ್ರಿಲ್ವಾ?" ಇದ್ದಾರೆ. ಅವರನ್ನು ನಾನೂ ಗೌರವಿಸುತ್ತೇನೆ. ಆದರೆ ಜಮೀನು ಮಾರಿದ ಮೇಲೂ ಮಗು ಗೆಲ್ಲದ ಮನೆಗೆ ಯಾವ ಪತ್ರಿಕೆಯವರೂ ಹೋಗಲ್ಲ. ಆ ಮನೆಯವರು ನನ್ನ ಹತ್ತಿರ ಬರುತ್ತಾರೆ. ಇದಕ್ಕೂ ಮುಂಚೆ ಬಂದ ಮೂರು ಮನೆಗಳಲ್ಲಿ ಒಂದು ಅಂಥದ್ದು, ಆ ಹುಡುಗ ಇವತ್ತಿಗೂ ಅಪ್ಪನ ಎದುರು ಕೂತು ಊಟ ಮಾಡಲ್ಲ. ರಿಸ್ಕ್ ತೆಗೆದುಕೊಳ್ಳುವುದು ಅಪ್ಪ, ಅದನ್ನು ಹೊತ್ತು ಓಡುವುದು ಮಗು. ಇದಕ್ಕೆ ನಾನು ಹೂಂ ಅನ್ನಲಾರೆ, ಎಷ್ಟು ಜನ ಬೈದರೂ.

ಮೂರು ವಾರ ಆದ ಮೇಲೆ ಕಾವ್ಯ ಅಪ್ಪ ಅಮ್ಮ ಇಬ್ಬರ ಎದುರು ಹೇಳಿದಳು. ಮುಖ ನೋಡದೆ, ನೆಲ ನೋಡುತ್ತಾ, ಒಂದೇ ಉಸಿರಿಗೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಪ್ಪ ಏನೂ ಮಾತಾಡಲಿಲ್ಲ. ನಾನೂ ಮಧ್ಯೆ ಬಾಯಿ ಹಾಕಲಿಲ್ಲ. ತುಂಬ ಹೊತ್ತಾದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ಇದು.

"ಸ್ಲೋ ಮಾಡ್ದಿದ್ರೆ ಎಷ್ಟಾಗ್ತಿತ್ತು?"

ಕಾವ್ಯ ತಲೆ ಎತ್ತಿದಳು. "2:08 ಆಗ್ತಿತ್ತು ಅಪ್ಪ." ಅಪ್ಪನ ಕಣ್ಣು ತುಂಬಿತ್ತು, ಆದರೂ ತಲೆ ಆಡಿಸಿ "ಹೂಂ, ಆಗ್ತಿತ್ತು" ಅಂದರು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ.

ಇದಾಗಿ ಏಳು ತಿಂಗಳಾಯಿತು. ಕಬ್ಬಿಣದ ಮಾತ್ರೆ ನಡೆಯುತ್ತಿದೆ, ಪಿಯುಸಿ ಪಾಸಾಗಿದೆ, ಕ್ರೀಡಾ ಹಾಸ್ಟೆಲ್‌ನ ಆಯ್ಕೆಗೆ ಹೋಗಿ ಬಂದಿದ್ದಾಳೆ, ಫಲಿತಾಂಶ ಬಂದಿಲ್ಲ. ಹಿಂದಿನ ಭಾನುವಾರ ಒಂದು ಮೀಟ್ ಇತ್ತು. ಸಂಜೆ ಅಪ್ಪನಿಂದ ವಾಟ್ಸಾಪ್ ಬಂತು: "2:10. ನಾಲ್ಕನೇದು. ಕೊನೆ 150 ಪೂರ್ತಿ ಓಡಿದ್ಲು ಮೇಡಂ."