ಕಂಪ್ಯೂಟರ್ ಪ್ರಶ್ನೋತ್ತರ: ಬುಟ್ಟಿ ಖಾಲಿ, ಡಿಸ್ಕ್ ಮಾತ್ರ ಭರ್ತಿ

ಪ್ರಶ್ನೆ: ನಮ್ಮದು ಫೋಟೊ ಸ್ಟುಡಿಯೊ. ವಿಂಡೋಸ್ 10 ಇರುವ ಒಂದೇ ಕಂಪ್ಯೂಟರಿನಲ್ಲಿ ನಾನು, ಆಲ್ಬಂ ಮಾಡುವ ಹುಡುಗ ಇಬ್ಬರೂ ಬೇರೆ ಬೇರೆ ಲಾಗಿನ್ ಇಟ್ಟುಕೊಂಡಿದ್ದೇವೆ. 1 ಟಿಬಿಯ ಡಿ ಡ್ರೈವ್ ಕೆಂಪಗಾಗಿದೆ. ಹಳೆಯ ಮದುವೆ ವಿಡಿಯೊ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿದ್ದೂ ಆಯಿತು. ಎಲ್ಲ ಫೋಲ್ಡರ್ ಕೂಡಿಸಿದರೆ 600 ಜಿಬಿ, ಡ್ರೈವ್ ಮಾತ್ರ 880 ಜಿಬಿ ಬಳಕೆ ಅನ್ನುತ್ತದೆ. ಉಳಿದ ಜಾಗ ಎಲ್ಲಿ ಹೋಯಿತ್ರೀ?
– ಓದುಗರು, ಜಮಖಂಡಿ

ಉತ್ತರ: ಹುಡುಗನ ಬುಟ್ಟಿಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಪರದೆಯ ಮೇಲೆ ಕಾಣುವ ರೀಸೈಕಲ್ ಬಿನ್ ನಿಮ್ಮದಷ್ಟೇ. ಒಳಗೆ ನೋಡಿದರೆ ಪ್ರತಿ ಡ್ರೈವಿನಲ್ಲೂ ರೀಸೈಕಲ್ ಬಿನ್ ಹೆಸರಿನ ಒಂದು ಅಡಗಿದ ಫೋಲ್ಡರ್ ಇರುತ್ತದೆ, ಅದರಲ್ಲಿ ಒಬ್ಬೊಬ್ಬ ಬಳಕೆದಾರರಿಗೂ ಒಂದೊಂದು ಉಪಫೋಲ್ಡರ್. ಹುಡುಗ ಅಳಿಸಿದ ವಿಡಿಯೊ ಅವನ ಪಾಲಿಗೆ ಹೋಗುತ್ತದೆ, ನೀವು ಎಷ್ಟು ಸಲ ಖಾಲಿ ಮಾಡಿದರೂ ಅಲುಗುವುದಿಲ್ಲ.

ಆದ್ದರಿಂದ ಮೊದಲು ಅವನ ಲಾಗಿನ್‌ನಿಂದಲೇ ಬುಟ್ಟಿ ತೆರೆದು ನೋಡಿ. ಗ್ರಾಹಕರ ಫೋಟೊ ಕೈತಪ್ಪಿ ಅಲ್ಲಿಗೆ ಬಿದ್ದಿದ್ದರೆ ರೀಸ್ಟೋರ್ ಮಾಡಿ, ಆಮೇಲೆ ಖಾಲಿ ಮಾಡಿ.

ಕೆಲಸ ಬಿಟ್ಟು ಹೋದವರ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ವಿನ್‌ಡಿರ್‌ಸ್ಟ್ಯಾಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿಯೇ ತೆರೆಯಬೇಕು. ಸುಮ್ಮನೆ ತೆರೆದರೆ ಬೇರೆಯವರ ಫೋಲ್ಡರ್ ಓದಲು ಅನುಮತಿ ಸಿಗದೆ ಲೆಕ್ಕ ತಪ್ಪುತ್ತದೆ. ಡಿ ಡ್ರೈವ್ ಸ್ಕ್ಯಾನ್ ಮಾಡಿ ರೀಸೈಕಲ್ ಬಿನ್ ಫೋಲ್ಡರ್ ಬಿಚ್ಚಿದರೆ, ಎಸ್ ಅಕ್ಷರದಿಂದ ಶುರುವಾಗಿ ಸಾಮಾನ್ಯವಾಗಿ 1001, 1002 ಎಂದು ಮುಗಿಯುವ ಉದ್ದನೆಯ ಹೆಸರುಗಳು ಕಾಣುತ್ತವೆ. ಅವೇ ಆ ಉಪಫೋಲ್ಡರ್‌ಗಳು. ಒಳಗೆ ಫೈಲಿನ ಹಳೆ ಹೆಸರು ಇರುವುದಿಲ್ಲ, ಡಾಲರ್ ಚಿಹ್ನೆ, ಆರ್ ಅಕ್ಷರದಿಂದ ಶುರುವಾಗುವುದು ಅಸಲಿ ವಿಡಿಯೊ. ಡಾಲರ್, ಐ ಎಂದಿರುವ ಪುಟ್ಟ ಫೈಲಿನಲ್ಲಿ ಅದು ಮೊದಲು ಎಲ್ಲಿತ್ತು, ಯಾವಾಗ ಅಳಿಸಿದ್ದು ಎಂಬ ವಿವರ ಇರುತ್ತದೆ. ಬೇಡದ ಉಪಫೋಲ್ಡರ್ ಆರಿಸಿ ಶಿಫ್ಟ್, ಡಿಲೀಟ್ ಒಟ್ಟಿಗೆ ಒತ್ತಿ. ಹೋದದ್ದು ಮರಳಿ ಬಾರದು, ಹೆಸರಿನ ಕೊನೆಯ ಅಂಕಿ ಸರಿಯಾಗಿ ನೋಡಿಕೊಳ್ಳಿ.

ಇದನ್ನೇ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಲು ಹೋಗಬೇಡಿ. ಅಡಗಿದ ಫೋಲ್ಡರ್ ಕಾಣುವಂತೆ ಮಾಡಿಕೊಂಡು ಒಳಹೊಕ್ಕರೂ ಅದು ನಿಮ್ಮದೇ ಬುಟ್ಟಿಯನ್ನು ತೋರಿಸಿ ದಾರಿ ತಪ್ಪಿಸುತ್ತದೆ.

ಬುಟ್ಟಿಗಳೆಲ್ಲ ನಿಜವಾಗಿಯೂ ಖಾಲಿ ಇದ್ದರೆ ಸಿಸ್ಟಮ್ ಪ್ರೊಟೆಕ್ಷನ್ ತೆರೆದು, ಡಿ ಡ್ರೈವಿಗೆ ರೀಸ್ಟೋರ್ ಪಾಯಿಂಟ್ (ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಉಳಿಸಿಡುವ ಪ್ರತಿ) ಆನ್ ಆಗಿದೆಯೇ ನೋಡಿ. ಅದೂ ಜಾಗ ತಿನ್ನುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದೆ. 16 ಜಿಬಿ ಪೆನ್‌ಡ್ರೈವಿನಲ್ಲಿದ್ದುದನ್ನೆಲ್ಲ ಅಳಿಸಿದೆ. ಒಂದೂ ಫೈಲ್ ಕಾಣುವುದಿಲ್ಲ, ಆದರೂ ತುಂಬಿದೆ ಅನ್ನುತ್ತದೆ. ಟ್ರ್ಯಾಶ್ ಕೂಡ ಖಾಲಿ.
– ಶಿಕ್ಷಕರು, ಬೆಳಗಾವಿ

ಉತ್ತರ: ಪೆನ್‌ಡ್ರೈವ್ ತೆಗೆದ ಮೇಲೆ ಟ್ರ್ಯಾಶ್ ಖಾಲಿ ಮಾಡಿರುತ್ತೀರಿ. ಪೆನ್‌ಡ್ರೈವಿನಿಂದ ಅಳಿಸಿದ್ದು ಕಂಪ್ಯೂಟರಿಗೆ ಹೋಗುವುದಿಲ್ಲ, ಪೆನ್‌ಡ್ರೈವಿನಲ್ಲೇ ಅಡಗಿದ ಟ್ರ್ಯಾಶ್-1000 ಫೋಲ್ಡರಿಗೆ ಹೋಗುತ್ತದೆ. ಚುಚ್ಚಿಟ್ಟುಕೊಂಡೇ ಖಾಲಿ ಮಾಡಿ. ಕೊನೆಯ ಅಂಕಿ ಬಳಕೆದಾರರ ಸಂಖ್ಯೆ. ಬೇರೆ ಕಂಪ್ಯೂಟರಿನಲ್ಲಿ ಅಳಿಸಿದ್ದಾದರೆ ಅದು 1001 ಇರಬಹುದು, ಆಗ ನಿಮ್ಮ ಟ್ರ್ಯಾಶ್‌ನಲ್ಲಿ ಕಾಣದು. ಪೆನ್‌ಡ್ರೈವ್ ತೆರೆದು ಕಂಟ್ರೋಲ್, ಎಚ್ ಒತ್ತಿ, ಆ ಫೋಲ್ಡರನ್ನೇ ಶಿಫ್ಟ್ ಹಿಡಿದು ಡಿಲೀಟ್ ಮಾಡಿ.

ಹೋಮ್ ಫೋಲ್ಡರಿನಲ್ಲೇ ಹೀಗಾಗಿದ್ದರೆ ಕಂಟ್ರೋಲ್, ಎಚ್ ಒತ್ತಿ ಡಾಟ್ ಲೋಕಲ್, ಶೇರ್, ಟ್ರ್ಯಾಶ್ ಹಾದಿಯಲ್ಲಿ ಹೋಗಿ. ಅಲ್ಲಿ 'ಎಕ್ಸ್‌ಪಂಜ್ಡ್' ಫೋಲ್ಡರ್ ಇದ್ದರೆ ಅಳಿಸಲಾಗದೆ ಉಳಿದದ್ದು ಅದರಲ್ಲಿರುತ್ತದೆ. ಹೆಚ್ಚಾಗಿ ಅದು ರೂಟ್, ಅಂದರೆ ಸರ್ವಾಧಿಕಾರದ ಅಡ್ಮಿನ್ ಖಾತೆಯ ಒಡೆತನದ ಫೋಲ್ಡರ್. ಉಬುಂಟುವಿನಂಥ ಲಿನಕ್ಸ್‌ನಲ್ಲಿ ಫೈಲ್ ಅಳಿಸಲು ಅದನ್ನು ಹೊತ್ತ ಫೋಲ್ಡರಿನ ಮೇಲೆ ಬರೆಯುವ ಅನುಮತಿ ಬೇಕು, ನಿಮಗೆ ಅದಿಲ್ಲ. ಅಡ್ಮಿನ್ ಪಾಸ್‌ವರ್ಡ್ ಇರುವವರಿಂದ ಆ ಒಂದು ಫೋಲ್ಡರಿನ ಒಳಗಿನದನ್ನು ಮಾತ್ರ ಅಳಿಸಿಸಿ.