ಬಿಯರ್ ಕುಡಿದರೆ ಮೈ ಕಡಿತ, ಮುಖ ಕೆಂಪು. ಮೊದಲೇ ಸಿಟ್ರಿಜಿನ್ ತಗೊಂಡರೆ ಸಾಕಾ, ಅಥವಾ ಬ್ರಾಂಡ್ ಬದಲಾಯಿಸಬೇಕಾ?

ಆ ಅಲರ್ಜಿ ಮಾತ್ರೆಯನ್ನು ಮೊದಲು ಪಕ್ಕಕ್ಕಿಡಿ. ಒಂದು ವರ್ಷ ನಾನೂ ಇದೇ ಕೆಲಸ ಮಾಡಿದವನು. ಪರ್ಸಿನಲ್ಲಿ ಡೆಬಿಟ್ ಕಾರ್ಡಿನ ಹಿಂದೆ ಸದಾ ನಾಲ್ಕು ಸಿಟ್ರಿಜಿನ್ ಇರುತ್ತಿದ್ದವು.

ನಮ್ಮದು ಶನಿವಾರದ ಗುಂಪು. ಸಂಜೆ ಒಂದೂವರೆ ಗಂಟೆ ಶಟಲ್ ಆಡಿ, ಬೆವರಿನ ಬನಿಯನ್ ಬದಲಿಸಿ, ನೇರ ಇಂದಿರಾನಗರದ ಬ್ರೂವರಿಗೆ. ವೀಟ್ ಬಿಯರ್, ಜೊತೆಗೆ ಪಿಜ್ಜಾ. ಮನೆಗೆ ಹೋಗುವ ಆಟೋದಲ್ಲಿ ಅಂಗೈ ಕಡಿಯಲು ಶುರು. ಆಮೇಲೆ ಬೆಲ್ಟ್ ಕಟ್ಟುವ ಜಾಗದಲ್ಲಿ ಸಾಲಾಗಿ ಗಂಧೆ. ಅಮ್ಮ ನೋಡಿ, "ಪಿತ್ತ ಕಣೋ, ಕಂಬಳಿ ಹೊದ್ದು ಮಲಕ್ಕೋ" ಅಂದಳು. ನಾನು ಮೊಬೈಲ್ ನೋಡಿ ಆಲ್ಕೋಹಾಲ್ ಅಲರ್ಜಿ ಅಂತ ತೀರ್ಮಾನಿಸಿದೆ.

ಆದರೆ ಮನೆಯಲ್ಲಿ ಕೂತು ವಿಸ್ಕಿ ಕುಡಿದರೆ ಏನೂ ಆಗುತ್ತಿರಲಿಲ್ಲ. ಕಣ್ಣೆದುರಿಗೇ ಸುಳಿವು ಇತ್ತು, ಅಲ್ವಾ? ನಾನು 'ವಿಸ್ಕಿ ಶುದ್ಧ, ಬಿಯರ್ ಕಲಬೆರಕೆ' ಅಂದುಕೊಂಡೆ.

ಆಮೇಲೆ ಸಿಟ್ರಿಜಿನ್ ಚಟ. ಕುಡಿಯುವ ಅರ್ಧ ಗಂಟೆ ಮೊದಲು ಒಂದು ನುಂಗಿದರೆ ಕಡಿತ ಇಲ್ಲ, ಗಂಧೆ ಇಲ್ಲ. ವಾಸಿಯಾಯಿತು ಅಂತ ನಂಬಿದೆ. ನನ್ನ ತಪ್ಪು ಇದೇ, ಸರಿಯಾಗಿ ಕೇಳಿ. ಆ ಮಾತ್ರೆ ಕಡಿತ, ಗಂಧೆ ತರಿಸುವ ಹಿಸ್ಟಮಿನ್ ಎಂಬ ರಾಸಾಯನಿಕ ಒಂದನ್ನು ತಡೆಯುತ್ತದೆ. ಒಳಗಿನ ಅಲರ್ಜಿ ಹಾಗೇ ಇರುತ್ತದೆ. ಗಂಟಲು ಊದುವುದು, ಬಿಪಿ ಕುಸಿಯುವುದು ಅದರಿಂದ ನಿಲ್ಲುವುದಿಲ್ಲ. ಕಡಿತ ನನಗೆ 'ಸಾಕು, ಗ್ಲಾಸ್ ಕೆಳಗಿಡು' ಅಂತ ಹೇಳುತ್ತಿತ್ತು. ನಾನು ದುಡ್ಡು ಕೊಟ್ಟು ಅದರ ಬಾಯಿ ಮುಚ್ಚಿಸಿದೆ.

ಒಂದು ಶನಿವಾರ ಮೊಣಕೈ ನೋವು ಅಂತ ಬ್ರೂಫೆನ್ 400 ಬೇರೆ ತಗೊಂಡಿದ್ದೆ. ಎರಡನೇ ಗ್ಲಾಸ್ ಅರ್ಧ ಆಗಿತ್ತು. ಕಡಿತ ಇಲ್ಲ, ಖುಷಿಯಲ್ಲಿದ್ದೆ. ಬೆರಳಿನ ಉಂಗುರ ಬಿಗಿಯಾಯಿತು. ತಿರುಗಿಸಲು ನೋಡಿದರೆ ಜಗ್ಗಲಿಲ್ಲ. "ಯಾಕೋ ಮಗಾ, ನಿನ್ನ ಧ್ವನಿ ಹಿಂಗಾಗಿದೆ?" ಅಂದ ಗೆಳೆಯ. ಮುಖ ತೊಳೆಯಲು ಎದ್ದವನು ಸಿಂಕಿನ ಹತ್ತಿರವೇ ಕುಸಿದೆ. ಆಸ್ಪತ್ರೆಯಲ್ಲಿ ಪ್ಯಾಂಟ್ ಮೇಲಿಂದಲೇ ತೊಡೆಗೆ ಅಡ್ರಿನಲಿನ್ ಚುಚ್ಚಿದರಂತೆ. ಅಲರ್ಜಿ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು ಅಂತ ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು.

ಆಮೇಲೆ ಲ್ಯಾಬಿನ ದೊಡ್ಡ ಅಲರ್ಜಿ ಪ್ಯಾಕೇಜ್ ಮಾಡಿಸಿದೆ. ರಿಪೋರ್ಟಲ್ಲಿ ಬದನೆಕಾಯಿ ಪಾಸಿಟಿವ್! ಹುಟ್ಟಿದಾಗಿನಿಂದ ಎಣ್ಣೆಗಾಯಿ ತಿಂದವನು ನಾನು. ದಂಡ. ಅಲರ್ಜಿ ಡಾಕ್ಟರು ಅದನ್ನು ಮುಟ್ಟಲೇ ಇಲ್ಲ. ಅರ್ಧ ಗಂಟೆ ಸುಮ್ನೆ ಪ್ರಶ್ನೆ ಕೇಳಿದರು, ಒಂದೇ ರಕ್ತಪರೀಕ್ಷೆ ಬರೆದರು. ಗೋಧಿಯಲ್ಲಿರುವ ಒಮೇಗಾ-5 ಗ್ಲಯಾಡಿನ್ ಎಂಬ ಪ್ರೋಟೀನಿಗೆ. ಅದು ಪಾಸಿಟಿವ್ ಬಂತು.

"ದಿನಾ ಚಪಾತಿ ತಿಂತೀನಲ್ಲ ಡಾಕ್ಟ್ರೇ?"

"ಗೋಧಿ ಒಂದೇ ಆದರೆ ನಿಮ್ಮ ಮೈ ತಡ್ಕೊಳ್ಳತ್ತೆ. ಅದರ ಜೊತೆ ಆಟ, ನೋವಿನ ಮಾತ್ರೆ, ಮದ್ಯ ಸೇರಿದ್ರೆ ತಡ್ಕೊಳ್ಳಲ್ಲ" ಅಂದರು. ನಾನು ಆ ರಾತ್ರಿ ಮೂರನ್ನೂ ಸೇರಿಸಿದ್ದೆ. ಪಿಜ್ಜಾ ಗೋಧಿ, ವೀಟ್ ಬಿಯರೂ ಗೋಧಿ.

ಹಾಗಾಗಿ ನಿಮ್ಮ 'ಯಾವ ಬ್ರಾಂಡ್' ಅನ್ನೋ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಬರೀ ಆಲ್ಕೋಹಾಲಿಗೆ ನಿಜವಾದ ಅಲರ್ಜಿ ತುಂಬಾ ಅಪರೂಪ. ಬಿಯರಲ್ಲಿ ಬಾರ್ಲಿ, ಗೋಧಿ, ಯೀಸ್ಟ್ ಇರುತ್ತವೆ. ವೈನಲ್ಲಿ ಸಲ್ಫೈಟ್ ಇರುತ್ತದೆ, ಆಸ್ತಮಾ ಇರುವವರಲ್ಲಿ ಕೆಲವರಿಗೆ ಅದು ಉಬ್ಬಸ ತರಿಸುತ್ತದೆ. ಯಾವುದು ಕುಡಿದರೂ ಬರೀ ಮುಖ ಕೆಂಪಾಗಿ ಎದೆ ಬಡಿದುಕೊಂಡರೆ ಅದು ಬೇರೆ ಕಥೆ. ಮದ್ಯ ಒಡೆದಾಗ ಬರುವ ಅಸಿಟಾಲ್ಡಿಹೈಡನ್ನು ಕರಗಿಸುವ ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಚೀನಾ, ಜಪಾನ್, ಕೊರಿಯಾದಲ್ಲಿ ಇದು ಜಾಸ್ತಿ. ಅಂಥವರು ಮಾತ್ರೆ ನುಂಗಿ ಕೆಂಪು ಮರೆಸಿಕೊಂಡು ಕುಡಿಯುತ್ತಾ ಹೋದರೆ ಅನ್ನನಾಳದ ಕ್ಯಾನ್ಸರ್ ಅಪಾಯ ಹೆಚ್ಚು.

ಡಾಕ್ಟರ ಹತ್ತಿರ ಹೋಗುವ ತನಕ ಕುಡಿಯಬೇಡಿ. ಉಸಿರಿಗೆ, ಗಂಟಲಿಗೆ ಬಂದರೆ ಮನೆಯಲ್ಲಿ ಕಾಯಬೇಡಿ, ಎಮರ್ಜೆನ್ಸಿಗೆ ಓಡಿ. ಅಂದಹಾಗೆ, ವಿಸ್ಕಿಗೂ ಹೀಗಾಗುತ್ತದಾ ಅಂತ ನೀವು ಬರೆದಿಲ್ಲ. ಬಿಯರ್ ಜೊತೆ ಏನು ತಿಂದಿರಿ ಅಂತಲೂ ಬರೆದಿಲ್ಲ.